ಸರ್ಟಿಫಿಕೇಟ್‌ನ ಪರ್ಸೆಂಟ್ ನೋಡಿ ಕ್ಲಾಸ್ ಕೊಡುವುದಿಲ್ಲ

ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗೆ ಓಟ ಹೇಳಿಕೊಡುವ ನನ್ನನ್ನು ಅಪ್ಪ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ: "ಸರ್, ನಮ್ಮ ಹುಡುಗನಿಗೆ 60 ಪರ್ಸೆಂಟ್ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಇದೆ. 45 ಪರ್ಸೆಂಟ್‌ನವರ ಜೊತೆ ಓಡಿಸಿದರೆ ನ್ಯಾಯವಾ?"

ಆ ಪರ್ಸೆಂಟ್ ಪಿಂಚಣಿಗೆ, ಮೀಸಲಾತಿಗೆ ಬೇಕು. ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ, ಅಂದರೆ ಅಂಗವಿಕಲರ ಓಟ, ಎಸೆತದ ಸ್ಪರ್ಧೆಗಳಲ್ಲಿ, ಕ್ಲಾಸ್ (ಯಾರ ಜೊತೆ ಯಾರು ಸ್ಪರ್ಧಿಸಬೇಕು ಅನ್ನುವ ಗುಂಪು) ಕೊಡುವವರು ನೋಡುವುದೇ ಬೇರೆ. ಈ ತೊಂದರೆ ಈ ಆಟಕ್ಕೆ ಎಷ್ಟು ಅಡ್ಡ ಬರುತ್ತದೆ ಅನ್ನುವುದನ್ನು.

ಒಂದು ಮುಂಗೈ ಇಲ್ಲದ ಹುಡುಗ 100 ಮೀಟರ್ ಓಟಕ್ಕೆ ನಿಲ್ಲುವುದನ್ನು ಗಮನಿಸಿ. ಬ್ಲಾಕ್‌ಗೆ ಕಾಲು ಕೊಟ್ಟು ಬಗ್ಗಿದರೆ ಆ ಕೈ ನೆಲಕ್ಕೆ ಎಟಕುವುದಿಲ್ಲ, ಭುಜ ವಾಲುತ್ತದೆ. ಅದಕ್ಕೇ ಕೈ ಊರಲು ಕೆಳಗೆ ಪ್ಯಾಡ್ ಇಟ್ಟುಕೊಳ್ಳಲು ಬಿಡುತ್ತಾರೆ. ಓಡುವಾಗಲೂ ಎರಡು ಕೈ ಒಂದೇ ಸಮ ಬೀಸುವುದಿಲ್ಲ. ಆದರೆ ಕಾಲು ಗಟ್ಟಿ. ಅವನದು ಟಿ47 ಅನ್ನುವ ಕ್ಲಾಸ್. ಒಂದು ಮೊಣಕಾಲಿನ ಕೆಳಗೆ ಬ್ಲೇಡ್ (ಓಡಲು ಬಳಸುವ ಕೃತಕ ಕಾಲು) ಹಾಕಿ ಓಡುವವನದು ಟಿ64. ಕಣ್ಣು ಕಾಣದ ಓಟಗಾರ್ತಿ, ಚಿಕ್ಕಮಗಳೂರಿನ ರಕ್ಷಿತಾ ರಾಜು ಓಡುವುದು ಟಿ11ರಲ್ಲಿ. ಅಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಲೇಬೇಕು, ಒಬ್ಬರಿಗೆ ಚೂರು ಬೆಳಕು ಕಂಡರೂ ಅದು ಲಾಭ ಆಗಬಾರದು.

ಒಂದೇ ಕ್ಲಾಸಿನೊಳಗೂ ವ್ಯತ್ಯಾಸ ಇರುತ್ತದೆ, ನಿಜ. ಗೆರೆಯ ಅಂಚಿನಲ್ಲಿ ಬೀಳುವ ಮಕ್ಕಳಿಗೆ ಅದು ನೋವೇ. ಆದರೆ ಒಬ್ಬೊಬ್ಬರಿಗೂ ಒಂದೊಂದು ಕ್ಲಾಸ್ ಮಾಡಿದರೆ ಸ್ಪರ್ಧೆಯೇ ಉಳಿಯುವುದಿಲ್ಲ, ಅಲ್ವಾ?

"ಕ್ಲಾಸ್ ಕೊಡುವ ತಪಾಸಣೆಯಲ್ಲಿ ಸ್ವಲ್ಪ ಜಾಸ್ತಿ ಕುಂಟಿದರೆ?" ಅಂತ ಕೇಳುವವರೂ ಇದ್ದಾರೆ. ಬೇಡ ಮಾರಾಯ್ರೇ! 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಬಾಸ್ಕೆಟ್‌ಬಾಲ್ ಚಿನ್ನ ಸ್ಪೇನ್ ಗೆದ್ದಿತ್ತು. 12 ಆಟಗಾರರಲ್ಲಿ 10 ಮಂದಿಗೆ ಅಂಥ ತೊಂದರೆಯೇ ಇರಲಿಲ್ಲ. ಚಿನ್ನ ವಾಪಸ್ ಹೋಯಿತು. ಪೆಟ್ಟು ತಿಂದದ್ದು ಮಾತ್ರ ನಿಜವಾಗಿ ತೊಂದರೆ ಇದ್ದವರು. ಅವರಿಗೆ ಪ್ಯಾರಾಲಿಂಪಿಕ್ಸ್‌ನ ಪದಕದ ಆಟ ಮತ್ತೆ ಸಿಕ್ಕಿದ್ದು 2012ರ ಲಂಡನ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ನಮ್ಮ ದೀಪ್ತಿ ಜೀವಾಂಜಿ 400 ಮೀಟರ್ ಕಂಚು ಗೆದ್ದದ್ದು ಇದೇ ವಿಭಾಗದಲ್ಲಿ, ಟಿ20ರಲ್ಲಿ. ಎಷ್ಟು ಮಕ್ಕಳ ಹನ್ನೆರಡು ವರ್ಷ ಸುಮ್ನೆ ಹಾಳಾಯಿತು!

ಹಾಗಾಗಿ ತಪಾಸಣೆಗೆ ಹೋಗುವಾಗ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಡಾಕ್ಟರ ರಿಪೋರ್ಟ್ ಜೊತೆ ಓಡುವ ಶೂ, ಬ್ಲೇಡ್ ಎಲ್ಲ ಒಯ್ಯಿರಿ. ಮೊದಲು ಸ್ನಾಯುವಿನ ಬಲ, ಕೀಲು ಎಷ್ಟು ಮಡಚುತ್ತದೆ ಅಂತ ನೋಡುತ್ತಾರೆ. ಆಮೇಲೆ ಓಡಿಸಿ, ಎಸೆಸಿ ನೋಡುತ್ತಾರೆ. ಬೇಕಾದರೆ ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಕ್ಲಾಸ್ ಸಿಕ್ಕ ಮೇಲೂ "ರಿವ್ಯೂ" ಅಂತ ಬರೆದಿದ್ದರೆ ಮುಂದೆ ಇನ್ನೊಮ್ಮೆ ಕರೆಯುತ್ತಾರೆ. ಬೆಳೆಯುವ ಮಕ್ಕಳಿಗೆ ಅದು ಸಹಜ, ಹೆದರಬೇಡಿ.