ಒತ್ತಕ್ಷರಗಳ ಜೊತೆ ಎರಡು ವರ್ಷ

ಎರಡು ವರ್ಷದಿಂದ, ಪುಸ್ತಕದ ಮುಖಪುಟಗಳ ಕೆಲಸದ ನಡುವೆ ಸಮಯ ಸಿಕ್ಕಾಗಲೆಲ್ಲ ಕೂತು ಬರೆಯುತ್ತಿದ್ದ ಕನ್ನಡ ಫಾಂಟ್ ಹೋದ ತಿಂಗಳು ಹೊರಬಂತು. ನನ್ನ ಮೊದಲ ಪೂರ್ತಿ ಫಾಂಟ್ ಇದು. ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಬಿಟ್ಟಿದ್ದೇನೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಫಾಂಟನ್ನಷ್ಟೇ ಮಾರುವಂತಿಲ್ಲ.

ಇರೋದು ಸುಮಾರು ಐವತ್ತು ಅಕ್ಷರ, ಅದಕ್ಕೆ ಎರಡು ವರ್ಷ ಯಾಕೆ ಅಂತ ತುಂಬ ಜನ ಕೇಳಿದರು. ಲೆಕ್ಕ ಹಾಕಿ ನೋಡಿ. ವ್ಯಂಜನ 34. ಒಂದೊಂದಕ್ಕೂ ಕ, ಕಿ, ಕೆ, ಕ್ ಅನ್ನುವ ಹಾಗೆ ನಾಲ್ಕು ರೂಪ ಬರೆದರೆ 136 ಆಯಿತು, ಯಾಕಂದರೆ ಗುಡಿಸು ಬಂದ ಕೂಡಲೇ ತಲಕಟ್ಟು ಹೋಗುತ್ತದೆ, ಅದು ಅಕ್ಷರದ ಮೈಗೇ ಸೇರಿಕೊಳ್ಳುತ್ತದೆ, ಸುಮ್ನೆ ಮೇಲೆ ಅಂಟಿಸಿದರೆ ಚೆನ್ನಾಗಿರಲ್ಲ. ಜ, ಬ, ಲ ಥರದವಕ್ಕೆ ತಲಕಟ್ಟೇ ಇಲ್ಲ, ಅವುಗಳ ದಾರಿಯೇ ಬೇರೆ. ಆಮೇಲೆ 34 ಒತ್ತು.

ನಿಜವಾದ ಕೆಲಸ ಇದ್ದದ್ದು ಆ ಒತ್ತುಗಳಲ್ಲೇ. ದೊಡ್ಡ ಅಕ್ಷರವನ್ನು ಕುಗ್ಗಿಸಿ ಕೆಳಗಿಟ್ಟರೆ ಗೆರೆಯೂ ತೆಳುವಾಗುತ್ತದೆ, ಪಕ್ಕದ ಅಕ್ಷರದ ಮುಂದೆ ಸೊರಗಿದ ಹಾಗೆ ಕಾಣುತ್ತದೆ. ಗೆರೆ ದಪ್ಪ ಮಾಡಿದರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ, ಬೋಲ್ಡ್‌ನಲ್ಲಂತೂ ಣ ಒತ್ತು ಬರೀ ಕಪ್ಪು ಚುಕ್ಕೆ. ಎರಡು ಸಲ ಪೂರ್ತಿ ಬರೆದು ಪೂರ್ತಿ ಅಳಿಸಿದೆ. ಮೂರನೇ ಸಲ ಕೆಲಸವನ್ನೇ ತಿರುವಿ ಹಾಕಿದೆ: ಮೊದಲು ಒತ್ತುಗಳನ್ನು ಬರೆದೆ, ಅವು ಆರಾಮಾಗಿ ಕೂರೋಕೆ ಎಷ್ಟು ಜಾಗ ಬೇಕು ಅಂತ ನೋಡಿಕೊಂಡು ಆಮೇಲೆ ಮೇಲಿನ ಅಕ್ಷರಗಳ ಎತ್ತರ ಗೊತ್ತುಮಾಡಿದೆ. ‘ರಾಷ್ಟ್ರ’, ‘ಸ್ತ್ರೀ’ ಎರಡೂ ಸಾಲುಗಳ ನಡುವೆ ಹಾಯಾಗಿ ನಿಂತ ದಿನ ತುಂಬಾ ಖುಷಿಯಾಗಿತ್ತು. ಇನ್ನು ಮುಂದೆ ಯಾವ ಕನ್ನಡ ಫಾಂಟ್ ಮಾಡಿದರೂ ಒತ್ತಿನಿಂದಲೇ ಶುರು ಮಾಡುತ್ತೇನೆ.

ಇದರ ಹಿಂದೆ ಒಂದು ಹಳೇ ನೋವೂ ಇದೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಗೆ ಶೀರ್ಷಿಕೆಗಳಿಗಾಗಿ ಅಕ್ಷರ ಮಾಡಿಕೊಟ್ಟಿದ್ದೆ. ಮುದ್ರಣದಲ್ಲಿ ಚೆನ್ನಾಗಿ ಬಂತು. ಅವರ ಆ್ಯಪ್‌ನಲ್ಲಿ ಮಾತ್ರ ‘ಅಕ್ಕ’ ಅಂದರೆ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಅಕ್ಷರ ಸಾಲಿನ ಕೆಳಗೆ ಎಷ್ಟು ಇಳಿಯುತ್ತದೆ ಅಂತ ಫಾಂಟಿನೊಳಗೆ ಬರೆದಿಡುವ ಅಳತೆಯನ್ನು ನಾನು ಕಡಿಮೆ ಕೊಟ್ಟಿದ್ದೆ. ತಪ್ಪು ನನ್ನದೇ. ಈ ಸಲ ಆ ಅಳತೆಗಳನ್ನು ಮೊದಲ ವಾರವೇ ಪರೀಕ್ಷೆ ಮಾಡಿದೆ.

ಯಾವ ಅಕ್ಷರ ಎಲ್ಲಿ ಯಾವ ರೂಪ ತಾಳಬೇಕು ಅಂತ ಫಾಂಟಿಗೆ ಹೇಳುವ ಕೋಡ್ ಕಡೆ ಜಾಸ್ತಿ ಕಾಡಿದ್ದು ರ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ರ ಹಾಗೇ ನಿಂತು ಯ ಒತ್ತಾಗಬೇಕು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಇವೆರಡರ ವ್ಯತ್ಯಾಸ ಕಣ್ಣಿಗೆ ಕಾಣದ ಒಂದೇ ಒಂದು ಚಿಹ್ನೆ, ಜೀರೋ ವಿಡ್ತ್ ಜಾಯಿನರ್. ಅದು ಸರಿಹೋಗೋಕೆ ಹತ್ತು ದಿನ ಹಿಡಿಯಿತು.

ಇದೇ ಫಾಂಟ್ ವೇರಿಯಬಲ್ ಆಗಿಯೂ ಸಿಗುತ್ತದೆ, ಅಂದರೆ ಬೇರೆ ಬೇರೆ ದಪ್ಪಗಳೆಲ್ಲ ಒಂದೇ ಫೈಲ್‌ನಲ್ಲಿ. 2016ರಲ್ಲಿ ಅಡೋಬಿ, ಆಪಲ್, ಗೂಗಲ್, ಮೈಕ್ರೋಸಾಫ್ಟ್ ನಾಲ್ಕೂ ಸೇರಿ ಈ ತಂತ್ರ ತಂದಾಗ ಇದು ದೊಡ್ಡವರ ಆಟ ಅಂದುಕೊಂಡಿದ್ದೆ. ಈಗ ನನ್ನದೇ ಫೈಲ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಒಂದೇ ಎಳೆತದಲ್ಲಿ ಹೋಗಬಹುದು.

ಬೇರೆ ಕೆಲಸಗಳೂ ನಡೆದವು. ಒಂದು ಕವನ ಸಂಕಲನಕ್ಕೆ ಕೈಬರಹದ ಮುಖಪುಟ, ಎರಡು ಲಿಪಿಯ ಒಂದು ಲೋಗೋ. ಲೋಗೋದಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರಗಳನ್ನು ಸ್ವಲ್ಪ ತಗ್ಗಿಸಿದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ವಲ್ಲ, ಹಾಗೇ ಬಿಟ್ಟಿದ್ದರೆ ಇಂಗ್ಲಿಷೇ ಮುಂದೆ ಬಂದು ನಿಲ್ಲುತ್ತಿತ್ತು.

ಮೊನ್ನೆ ಪರಿಚಯವಿಲ್ಲದ ಒಬ್ಬರು ತಮ್ಮ ಕಥೆಯನ್ನು ಈ ಫಾಂಟಿನಲ್ಲೇ ಜೋಡಿಸಿ ಕಳಿಸಿದರು. ಮೂರನೇ ಪುಟದಲ್ಲಿ ‘ಒಪ್ಪಿತ್ತು’ ಸುತ್ತ ಗುರುತು ಹಾಕಿದ್ದರು, ಪ ಒತ್ತಿನ ತುದಿ ತ ಒತ್ತಿಗೆ ತಾಗುತ್ತಿದೆ ಅಂತ. ನೋಡಿದೆ, ನಿಜ. ಸರಿಮಾಡಿದ ಆವೃತ್ತಿ ಈ ವಾರ ಬರುತ್ತದೆ.