ಒಂದೇ ಖಾತೆಯ ಶಿಲ್ಕು ಮುಚ್ಚಿಟ್ಟ ಲೆಕ್ಕ

ಹಲವು ವರ್ಷ ನನ್ನ ಉಳಿತಾಯವೆಲ್ಲ ಒಂದೇ ಖಾತೆಯಲ್ಲಿತ್ತು. ಪಾಸ್‌ಬುಕ್ಕಿನ ಕೊನೆಯ ಸಾಲಿನ ಮೊತ್ತವನ್ನು ನೋಡಿ ಕೈಯಲ್ಲಿ ಸಾಕಷ್ಟು ಹಣವಿದೆಯೆಂದು ನೆಮ್ಮದಿಯಿಂದಿದ್ದೆ. ಅದರಲ್ಲಿ ವಿಮಾ ಕಂತಿಗೆ ಎಷ್ಟು, ಪ್ರವಾಸಕ್ಕೆ ಎಷ್ಟು, ಕೆಲಸ ಕೈತಪ್ಪಿದರೆ ಬೇಕಾಗುವ ತುರ್ತು ನಿಧಿ ಎಷ್ಟು ಎಂಬ ವಿಂಗಡಣೆ ಮಾತ್ರ ನನ್ನ ತಲೆಯಲ್ಲಷ್ಟೇ ಇತ್ತು. ಲ್ಯಾಪ್‌ಟಾಪ್ ಕೊಂಡ ತಿಂಗಳಲ್ಲೇ ವಿಮಾ ಕಂತಿನ ಗಡುವೂ ಬಂತು. ಕಂತು ಕಟ್ಟಿದೆ, ಆದರೆ ಯಾವ ನಿಧಿಗೆ ಕೈ ಹಾಕಿದೆನೆಂಬುದು ನನಗೇ ತಿಳಿಯಲಿಲ್ಲ.

ಹಣಕ್ಕೆ ಗುರುತಿಲ್ಲ, ಗುರುತು ಹಚ್ಚುವವರು ನಾವು. ಮನುಷ್ಯರು ಹೀಗೆ ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಕಟ್ಟುಗಳಾಗಿ ಕಾಣುವುದನ್ನು ವಿವರಿಸಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಕಟ್ಟುನಿಟ್ಟಿನ ತರ್ಕದಲ್ಲಿ ಇದೊಂದು ದೋಷವೇ ಇರಬಹುದು. ನಾನಂತೂ ಆ ದೋಷವನ್ನೇ ಕೆಲಸಕ್ಕೆ ಹಚ್ಚಿ, ಗುರಿಗೊಂದರಂತೆ ಖಾತೆ ತೆರೆದೆ.

ಹೆಚ್ಚು ಉಪಯೋಗವಾದದ್ದು ವರ್ಷಕ್ಕೊಮ್ಮೆ ಬರುವ ಖರ್ಚುಗಳ ಖಾತೆಯಿಂದ. ವರ್ಷಕ್ಕೆ 12,000 ಬೇಕಾದರೆ ತಿಂಗಳಿಗೆ 1,000 ಎಂದು ಎಲ್ಲರೂ ಭಾಗಿಸುತ್ತಾರೆ, ನಾನೂ ಹಾಗೆಯೇ ಮಾಡಿದೆ. ಗಡುವಿಗೆ ಉಳಿದಿದ್ದುದು ಐದೇ ತಿಂಗಳಾದ್ದರಿಂದ ಅಷ್ಟರಲ್ಲಿ ಕೂಡಿದ್ದು ಬರೀ 5,000. ಮೊದಲ ವರ್ಷದ ಮಟ್ಟಿಗೆ ಉಳಿದ ತಿಂಗಳುಗಳಿಂದ ಭಾಗಿಸಿ 2,400ರಂತೆ ಹಾಕಬೇಕಿತ್ತು. ಹನ್ನೆರಡರ ಲೆಕ್ಕ ಎರಡನೆಯ ವರ್ಷದಿಂದಷ್ಟೇ ಸರಿಹೋಗುತ್ತದೆ. ಸಂಬಳ ಜಮೆಯಾದ ಮರುದಿನವೇ ಈ ಹಣ ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದೇನೆ, ಏಕೆಂದರೆ ತಿಂಗಳ ಕೊನೆಗೆ ಮಿಕ್ಕಿದ್ದನ್ನು ಹಾಕೋಣವೆಂದರೆ ಮಿಗುವುದೇ ಇಲ್ಲ.

ಉತ್ಸಾಹದಲ್ಲಿ ಐದು ಖಾತೆ ತೆರೆದದ್ದು ಅತಿಯಾಯಿತು. ಒಂದರಲ್ಲಿ ಕನಿಷ್ಠ ಶಿಲ್ಕು ಇಲ್ಲದೆ ದಂಡ ಬಿತ್ತು. ಬಡ್ಡಿದರ ಒಂದೇ ಆಗಿರುವಾಗ ಹಣವನ್ನು ಹಂಚಿಟ್ಟ ಮಾತ್ರಕ್ಕೆ ಬಡ್ಡಿ ಹೆಚ್ಚುವುದಿಲ್ಲವಾದ್ದರಿಂದ ಆ ದಂಡ ಶುದ್ಧ ನಷ್ಟ. ಈಗ ಮೂರೇ ಉಳಿದಿವೆ: ವಾರ್ಷಿಕ ಖರ್ಚಿನದು, ಪ್ರವಾಸದ್ದು, ತುರ್ತು ನಿಧಿಯದು. ಹಲವು ವರ್ಷ ಮುಟ್ಟದ ಹಣ ನಿಶ್ಚಿತ ಠೇವಣಿಗೆ ಹೋಗಿದೆ.

ತುರ್ತು ನಿಧಿಯ ಖಾತೆಗೆ ಡೆಬಿಟ್ ಕಾರ್ಡ್ ಪಡೆದಿಲ್ಲ, ಫೋನಿನ ಪಾವತಿ ಆ್ಯಪ್‌ಗೂ ಜೋಡಿಸಿಲ್ಲ. ವ್ಯವಹಾರವೇ ಇಲ್ಲದೆ ಖಾತೆ ನಿಷ್ಕ್ರಿಯವಾಗಬಾರದೆಂದು ಮೂರು ತಿಂಗಳಿಗೊಮ್ಮೆ ಸಣ್ಣ ಮೊತ್ತ ಹಾಕಿ, ಶಿಲ್ಕು ನೋಡಿ ಸುಮ್ಮನಾಗುತ್ತೇನೆ.