ಜ್ವಾಲಾಮುಖಿಯ ಮೇಲೆ ಕೂತು ಇಂಗಾಲ ಅಳೆಯಬಹುದೇ?

ಹವಾಮಾನ ಬದಲಾವಣೆಯ ಚರ್ಚೆ ಎಲ್ಲಿ ನಡೆದರೂ ಈ ಪ್ರಶ್ನೆ ಬಂದೇ ಬರುತ್ತದೆ: "ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೌನಾ ಲೋವಾ ಕೇಂದ್ರ ಇರುವುದೇ ಹವಾಯಿಯ ಜೀವಂತ ಜ್ವಾಲಾಮುಖಿಯ ಮೇಲೆ. ಅಲ್ಲಿ ಅನಿಲ ಜಾಸ್ತಿ ಕಂಡರೆ ಮನುಷ್ಯನ ಮೇಲೆ ಯಾಕೆ ಹೊರಿಸುತ್ತೀರಿ?" ಹೀಗೆ ಕೇಳುವವರನ್ನು ಗದರಿಸಿ ಕೂರಿಸುವುದು ತಪ್ಪು. ಪ್ರಶ್ನೆ ನ್ಯಾಯವಾಗಿದೆ. ಉತ್ತರಕ್ಕೆ ಅಲ್ಲಿ ಅಳೆಯುವ ಕ್ರಮವನ್ನೇ ನೋಡಬೇಕು.

ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅಲ್ಲಿ 1958ರ ಮಾರ್ಚ್‌ನಲ್ಲಿ ಅಳತೆ ಶುರುಮಾಡಿದಾಗ ಒಣಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದವು, ಅಂದರೆ 315 ಪಿಪಿಎಂ. ಈಗ 420 ದಾಟಿದೆ. ಕೇಂದ್ರ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಸುತ್ತ ಬರೀ ಕರಿಗಲ್ಲಿನ ಲಾವಾ. ಗೋಪುರದ ಮೇಲಿನಿಂದ ಎಳೆದ ಗಾಳಿಯ ತೇವವನ್ನು ಮೊದಲು ತೆಗೆಯಬೇಕು. ನೀರಾವಿ ಉಳಿದರೆ ಗಾಳಿ ತೆಳುವಾಗಿ ಅಂಕಿ ಇಳಿಯುತ್ತದೆ. ಯಂತ್ರದ ಅಳತೆಯೂ ನಿಧಾನವಾಗಿ ಆಚೀಚೆ ಜರುಗುವುದರಿಂದ, ಪ್ರಮಾಣ ಗೊತ್ತಿರುವ ಅನಿಲದ ಸಿಲಿಂಡರ್‌ಗಳನ್ನು ಮತ್ತೆ ಮತ್ತೆ ಹಾಯಿಸಿ ತಾಳೆ ನೋಡುತ್ತಾರೆ.

ಇನ್ನು ಜ್ವಾಲಾಮುಖಿ. ರಾತ್ರಿ ಬೆಟ್ಟ ತಣ್ಣಗಾದಾಗ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಆಗ ಮೇಲಿನ ಬಿರುಕುಗಳಿಂದ ಹೊರಬಿದ್ದ ಅನಿಲ ಕೇಂದ್ರಕ್ಕೆ ಬರುವುದುಂಟು. ಆದರೆ ಅದು ಕಳ್ಳನಂತೆ ಬರಲಾರದು. ಅಂಕಿ ನಿಮಿಷ ನಿಮಿಷಕ್ಕೂ ಕುಣಿಯತೊಡಗುತ್ತದೆ. ಒಂದು ಗಂಟೆಯೊಳಗಿನ ಏರುಪೇರು ಸುಮಾರು 0.3 ಪಿಪಿಎಂ ಮೀರಿದರೆ ಆ ಗಂಟೆಯನ್ನು ಬದಿಗಿಡುತ್ತಾರೆ. ಮಧ್ಯಾಹ್ನ ಇದರ ತದ್ವಿರುದ್ಧ: ಬಿಸಿಯಾದ ಗಾಳಿ ಕೆಳಗಿನ ಕಾಡುಗಳಿಂದ ಮೇಲೇರುತ್ತದೆ, ಗಿಡಮರ ಅನಿಲ ಹೀರಿರುವುದರಿಂದ ಅಂಕಿ ಕಮ್ಮಿ ಬರುತ್ತದೆ. ಅದನ್ನೂ ಬಿಡುತ್ತಾರೆ. ಹೆಚ್ಚು ತೋರಿಸುವುದನ್ನೂ ಕಡಿಮೆ ತೋರಿಸುವುದನ್ನೂ ಎರಡನ್ನೂ ಬಿಡುತ್ತಾರೆ ಎಂಬುದನ್ನು ಗಮನಿಸಿ. ಇಷ್ಟರ ಮೇಲೂ ನಂಬಿಕೆ ಬರದಿದ್ದರೆ ದಕ್ಷಿಣ ಧ್ರುವದ ದಾಖಲೆ ತೆಗೆಯಿರಿ. ಋತುಮಾನದ ಏರಿಳಿತ ಅಲ್ಲಿ ಚಿಕ್ಕದು, ವರ್ಷದಿಂದ ವರ್ಷಕ್ಕೆ ಏರುವ ವೇಗ ಮಾತ್ರ ಅದೇ.

ಏರಿದ್ದು ನಿಜ ಸರಿ, ನಮ್ಮಿಂದಲೇ ಎನ್ನುವುದಕ್ಕೆ ಏನು ಸಾಕ್ಷಿ? ಇಲ್ಲಿ ಬಹಳ ಜನ ಅರ್ಧ ವಾದ ಮಾಡಿ ಸೋಲುತ್ತಾರೆ. ಕಲ್ಲಿದ್ದಲು, ಪೆಟ್ರೋಲ್‌ಗಳಲ್ಲಿ ಕಾರ್ಬನ್-14 (ಕಾಲ ಕಳೆದಂತೆ ತಾನಾಗಿಯೇ ಕ್ಷಯಿಸುವ ಒಂದು ಬಗೆಯ ಕಾರ್ಬನ್) ಇರುವುದಿಲ್ಲ. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 5,730 ವರ್ಷ, ಇಂಧನವೋ ಕೋಟ್ಯಂತರ ವರ್ಷ ಹಳೆಯದು. ಅದನ್ನು ಉರಿಸಿದಷ್ಟೂ ಗಾಳಿಗೆ ಕಾರ್ಬನ್-14 ಇಲ್ಲದ ಅನಿಲ ಸೇರುತ್ತದೆ. ಗಾಳಿಯಲ್ಲಿ ಕಾರ್ಬನ್-14 ಹೀಗೆ ತೆಳುವಾಗುತ್ತಿರುವುದನ್ನು ವಿಜ್ಞಾನಿ ಹಾನ್ಸ್ ಸ್ಯೂಸ್ 1955ರಲ್ಲೇ ಮರದ ಕಟ್ಟಿಗೆಯಲ್ಲಿ ತೋರಿಸಿದ್ದರು. ಆದರೆ ಜ್ವಾಲಾಮುಖಿಯ ಅನಿಲದಲ್ಲೂ ಕಾರ್ಬನ್-14 ಇಲ್ಲ! ಆದ್ದರಿಂದ ಇದೊಂದನ್ನೇ ಹಿಡಿದು ವಾದಿಸಬೇಡಿ. ಜೊತೆಗೆ ಕಾರ್ಬನ್-13 ಬೇಕು, ಅದು ಸಾಮಾನ್ಯ ಕಾರ್ಬನ್‌ಗಿಂತ ತುಸು ಭಾರದ, ಕ್ಷಯಿಸದ ಬಗೆ. ಗಿಡಗಳು ಅದನ್ನು ಕಡಿಮೆ ಹೀರುತ್ತವೆ, ಗಿಡಗಳಿಂದಾದ ಇಂಧನದಲ್ಲೂ ಅದು ಕಡಿಮೆ. ಜ್ವಾಲಾಮುಖಿಯ ಅನಿಲದಲ್ಲಿ ಅಷ್ಟು ಕಡಿಮೆ ಇರುವುದಿಲ್ಲ. ಗಾಳಿಯಲ್ಲಿ ಎರಡೂ ಪಾಲು ಇಳಿದಿವೆ. ಇಂದಿನ ಕಾಡು ಸುಟ್ಟರೆ 13 ಇಳಿಯುತ್ತದೆ, 14 ಹೀಗೆ ಇಳಿಯದು. ಜ್ವಾಲಾಮುಖಿಯಾದರೆ 14 ಇಳಿಯುತ್ತದೆ, 13 ಹೀಗೆ ಇಳಿಯದು. ಎರಡನ್ನೂ ಇಳಿಸುವುದು ನೆಲದಡಿಯ ಹಳೆಯ ಇಂಧನ. (1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಕಾರ್ಬನ್-14 ಅನ್ನು ವಿಪರೀತ ಏರಿಸಿದವು. ಅದಕ್ಕೇ ಆ ಸಾಕ್ಷಿಗೆ ಅದಕ್ಕಿಂತ ಹಿಂದಿನ ಮರದ ಉಂಗುರಗಳನ್ನು ನೋಡಬೇಕು.) ಮೇಲಾಗಿ, ಉರಿಯುವುದಕ್ಕೆ ಆಮ್ಲಜನಕ ಬೇಕು. ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಅಳೆಯುತ್ತಾ ಬಂದಿರುವುದು ಅದನ್ನೇ. ಗಾಳಿಯ ಆಮ್ಲಜನಕ ಅತಿ ಸ್ವಲ್ಪವಾದರೂ ಬಿಡದೆ ಇಳಿಯುತ್ತಿದೆ.

ಲೆಕ್ಕವನ್ನು ನೀವೇ ಹಾಕಿ. ಗಾಳಿಯಲ್ಲಿ 1 ಪಿಪಿಎಂ ಏರಲು ಸುಮಾರು 780 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬೇಕು. ಇಂಧನ ಮತ್ತು ಸಿಮೆಂಟಿನಿಂದ ನಾವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಬಿಡುತ್ತೇವೆ, ಅಂದರೆ 4.7 ಪಿಪಿಎಂನಷ್ಟು. ಏರುತ್ತಿರುವುದು 2.5ರ ಆಸುಪಾಸು. ಉಳಿದದ್ದನ್ನು ಸಮುದ್ರ ಮತ್ತು ಕಾಡುಗಳು ಹೀರುತ್ತಿವೆ. ನೆಲದ ಮೇಲಿನ, ಸಮುದ್ರದಡಿಯ ಜ್ವಾಲಾಮುಖಿಗಳನ್ನೆಲ್ಲ ಕೂಡಿದರೂ ವರ್ಷಕ್ಕೆ 100 ಕೋಟಿ ಟನ್ ಮುಟ್ಟುವುದಿಲ್ಲ.

ಸಂಶಯಕ್ಕೆ ನಿಜವಾದ ಜಾಗ ಬೇರೆ ಇದೆ, ಅದು ಮೋಡ. ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂಬುದಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಅಂದಾಜು 2.5ರಿಂದ 4 ಡಿಗ್ರಿ ಸೆಲ್ಸಿಯಸ್. ಈ ಅಂತರ ಇಷ್ಟು ದೊಡ್ಡದಿರುವುದಕ್ಕೆ ಮುಖ್ಯ ಕಾರಣ, ಬಿಸಿಯಾದ ಸಮುದ್ರದ ಮೇಲೆ, ಬಿಸಿಲನ್ನು ಹಿಂದಕ್ಕೆ ಕಳಿಸುವ ತಗ್ಗಿನ ಮೋಡಗಳು ಎಷ್ಟು ತೆಳುವಾಗುತ್ತವೆ ಎಂಬುದು ಇನ್ನೂ ಇತ್ಯರ್ಥವಾಗದಿರುವುದು.